ಫ್ರಾಸ್ಟ್‌ನ ಹಕ್ಕಿಗಳು ಅಳುವುದಿಲ್ಲ

ಪತ್ರ: ರಾಬರ್ಟ್ ಫ್ರಾಸ್ಟ್ ಪ್ರಕೃತಿಯನ್ನು ತಾಯಿಯೆಂದು ಪೂಜಿಸಿದ ಅಮೆರಿಕದ ಕವಿ. ಅವನ ಕಾಡು ನಮ್ಮ ದುಃಖಕ್ಕೆ ಮಿಡಿಯುತ್ತದೆ. ಅಂಥ ಪದ್ಯ ಈಗ ಯಾಕೆ ಬರುತ್ತಿಲ್ಲ? – ನಿವೃತ್ತ ಶಿಕ್ಷಕ, ಶಿರಸಿ

ಉತ್ತರ: ಮೇಷ್ಟ್ರೇ, ಫ್ರಾಸ್ಟ್ ಬಗ್ಗೆ ಪತ್ರ ಬಂತಲ್ಲ, ಅದೇ ಖುಷಿ. ಬರ್ಚ್ ಮರ ಹತ್ತಿ ಜೋತಾಡುವ ಹುಡುಗನ ಪದ್ಯದಲ್ಲಿ ನೀವು ಹೇಳುವ ಅಕ್ಕರೆ ಇದೆ. ಆದರೆ ಅವನ ಕಾಡು ನಮಗಾಗಿ ಮಿಡಿಯುತ್ತದೆ ಅಂದಿರಲ್ಲ, ಅದನ್ನು ಒಪ್ಪಲಾರೆ.

ಸುಟ್ಟುಹೋದ ಮನೆಯ ಮೇಲೆ ಅವನದೊಂದು ಪದ್ಯವಿದೆ. 1923ರ 'ನ್ಯೂ ಹ್ಯಾಂಪ್‌ಶೈರ್' ಸಂಕಲನದ್ದು. ಮನೆ ಹೋಗಿ ಚಿಮಣಿ ಮಾತ್ರ ನಿಂತಿದೆ. ಎದುರಿನ ಕೊಟ್ಟಿಗೆ ಪಾಳು ಬಿದ್ದಿದೆ. ಹುಲ್ಲಿನ ಗಾಡಿ ಎಳೆದು ತರುವ ಕುದುರೆಗಳ ಗೊರಸಿನ ಸದ್ದಿಲ್ಲ. ಒಡೆದ ಕಿಟಕಿಯಲ್ಲಿ ಫೀಬಿ ಹಕ್ಕಿಗಳು ಹೋಗಿ ಬಂದು ಮಾಡುತ್ತಿವೆ. ಅವುಗಳ ಕೂಗು ನಮಗೆ ನಿಟ್ಟುಸಿರಿನ ಹಾಗೆ ಕೇಳಿಸುತ್ತದೆ. ಅವಕ್ಕೋ, ಗೂಡು ಸಿಕ್ಕಿದ ಖುಷಿ! ಬೆಂಕಿ ತಾಗಿದ ಎಲ್ಮ್ ಮರವೂ ಚಿಗುರಿದೆ. ಹಕ್ಕಿ ಅಳುತ್ತಿಲ್ಲ ಅಂತ ತಿಳಿಯಲು ಹಳ್ಳಿಯ ಬದುಕು ಗೊತ್ತಿರಬೇಕು ಎನ್ನುತ್ತಾನೆ ಕವಿ.

ಅವನಿಗೆ ಗೊತ್ತಿತ್ತು. ಡೆರಿ ಎಂಬ ಊರಿನ ತೋಟದಲ್ಲಿ ಕೋಳಿ ಸಾಕಿದವನು. 1900ರಲ್ಲಿ ಅಲ್ಲಿಗೆ ಹೋಗುವ ಕೆಲವೇ ತಿಂಗಳ ಮುಂಚೆ ಮೊದಲ ಮಗ ತೀರಿಕೊಂಡಿದ್ದ. ಅಂಥವನು ಹಕ್ಕಿಯ ಕೂಗಿಗೆ ತನ್ನ ಅಳು ಸೇರಿಸಲಿಲ್ಲ, ಮೇಷ್ಟ್ರೇ. ನನಗೆ ಅವನು ಜಾಸ್ತಿ ಇಷ್ಟವಾಗುವುದು ಅದಕ್ಕೇ.

ಹಿಮ ಸುರಿಯುವ ಸಂಜೆ ಕುದುರೆಯೊಂದಿಗೆ ಕಾಡಿನಂಚಿಗೆ ನಿಲ್ಲುವವನ ಪದ್ಯವನ್ನೇ ನೋಡಿ. ಬರೆದದ್ದು 1922ರ ಜೂನ್‌ನಲ್ಲಿ, ಬೇಸಿಗೆಯಲ್ಲಿ. 'ಮಲಗುವ ಮುನ್ನ ಇನ್ನೂ ಬಲುದೂರ ಸಾಗಬೇಕು' ಎನ್ನುವ ಅದರ ಕೊನೆಯ ಸಾಲುಗಳನ್ನು ನೆಹರೂ ಕೈಯಾರೆ ಬರೆದಿಟ್ಟುಕೊಂಡಿದ್ದರು. ನಾವು ಅಷ್ಟನ್ನೇ ಕಿತ್ತು ಬೀಳ್ಕೊಡುಗೆ ಭಾಷಣಕ್ಕೆ ಅಂಟಿಸಿದೆವು. ಕುದುರೆ ಎಲ್ಲಿ ಹೋಯಿತು? ಸುತ್ತ ಒಂದು ಮನೆಯೂ ಇಲ್ಲದ ಕಡೆ ಯಾಕೆ ನಿಂತೆ ಅಂತ ಗಂಟೆ ಅಲ್ಲಾಡಿಸಿದ್ದು ಅದೇ ಅಲ್ವಾ?

ಹೋದ ವರ್ಷ ಒಂದು ಶಾಲೆಯ ಪದ್ಯ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಹುಡುಗಿಯೊಬ್ಬಳು ಇದೇ ಪದ್ಯವನ್ನು ಸೊಗಸಾಗಿ ಹೇಳಿದಳು. ಕುದುರೆಗೆ ಗಂಟೆ ಯಾಕೆ ಕಟ್ಟುತ್ತಾರೆ ಅಂತ ಕೇಳಿದೆ. ಪಾಪ, ಸುಮ್ನೆ ನಿಂತಳು. "ಅದು ಪರೀಕ್ಷೆಗೆ ಬರಲ್ಲ ಸರ್" ಎಂದರು ಪಕ್ಕದಲ್ಲಿದ್ದವರು. ಕಿಟಕಿಯಾಚೆ ಹೊಂಗೆ ಹೂ ಬಿಟ್ಟಿತ್ತು, ಅಂಗಳವೆಲ್ಲ ಹೂವಿನ ಹಾಸು. ಆ ಮರದ ಹೆಸರೂ ಅಲ್ಲಿದ್ದ ಒಂದು ಮಗುವಿಗೂ ಗೊತ್ತಿರಲಿಲ್ಲ. ನನಗೆ ಸಿಟ್ಟು ಬಂದದ್ದು ಮಕ್ಕಳ ಮೇಲಲ್ಲ.

ನಿಮ್ಮ ಕಡೆ ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡು, ಸೊಪ್ಪಿನ ಬೆಟ್ಟಗಳಿವೆ. ಸೊಪ್ಪು ಕಡಿಯುವವರ ಜತೆ ಒಂದು ದಿನ ಇದ್ದು ಬನ್ನಿ. ಬಂದು ಆ ಸುಟ್ಟ ಮನೆಯ ಪದ್ಯ ಓದಿ, ಮತ್ತೆ ಪತ್ರ ಬರೆಯಿರಿ.