ಕಡಲಾಮೆಗಳ ಸಂಶೋಧನೆಗೆ ಉಪಗ್ರಹ ಟ್ಯಾಗ್ ಮೇಲೋ, ಜೆನೆಟಿಕ್ಸ್ ಮೇಲೋ?

ಕೈಯಲ್ಲಿರುವ ಅನುದಾನವನ್ನು, ಆಮೆಯ ಬೆನ್ನಿಗೆ ಅಂಟಿಸಿ ಅದು ಎಲ್ಲಿದೆಯೆಂದು ಉಪಗ್ರಹದ ಮೂಲಕ ತಿಳಿಯುವ ಐದು ಉಪಗ್ರಹ ಟ್ಯಾಗ್‌ಗಳಿಗೆ ಹಾಕಬೇಕೋ ಜೆನೆಟಿಕ್ಸ್ ಅಧ್ಯಯನಕ್ಕೆ ಹಾಕಬೇಕೋ, ಯಾವುದರಿಂದ ಕಡಲಾಮೆಗಳಿಗೆ ಹೆಚ್ಚು ಉಪಕಾರವಾದೀತು ಎಂದು ಕೇಳಿದ್ದೀರಿ. ಹದಿನೈದು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆಯನ್ನು ಹಿಡಿದು ಹೊರಟಿದ್ದೆ; ಉಪಕರಣದ ಹೆಸರು ಮಾತ್ರ ಬೇರೆ. ನಾನು ಮರುಳಾದದ್ದು ಗೂಡಿನೊಳಗೆ ಹೂತಿಡುವ, ಅಂಗಿಯ ಗುಂಡಿಯಷ್ಟು ಪುಟ್ಟದಾದ ತಾಪಮಾನ ದಾಖಲಕಗಳಿಗೆ, ಅಂದರೆ ಡೇಟಾ ಲಾಗರ್‌ಗಳಿಗೆ.

ಕಡಲಾಮೆಯ ಮರಿ ಗಂಡಾಗುವುದೋ ಹೆಣ್ಣಾಗುವುದೋ ಎಂಬುದನ್ನು ನಿರ್ಧರಿಸುವುದು ವರ್ಣತಂತುಗಳಲ್ಲ, ಮೊಟ್ಟೆಗಳ ಸುತ್ತಲಿನ ಮರಳಿನ ಬಿಸಿ. ಸುಮಾರು 29 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಗಂಡು ಹೆಣ್ಣುಗಳು ಸಮಸಮವಾಗಿ ಹುಟ್ಟುತ್ತವೆ. ಅದಕ್ಕಿಂತ ಬೆಚ್ಚಗಾದಷ್ಟೂ ಹೆಣ್ಣುಗಳು ಹೆಚ್ಚು, ತಂಪಾದಷ್ಟೂ ಗಂಡುಗಳು ಹೆಚ್ಚು. ಕಾವಿನ ಅವಧಿಯನ್ನು ಮೂರು ಪಾಲು ಮಾಡಿದರೆ ಈ ತೀರ್ಮಾನವಾಗುವುದು ನಡುವಿನ ಪಾಲಿನಲ್ಲಿ. ನಾನು, ಮೊಟ್ಟೆಗಳನ್ನು ಕಾಪಾಡಿ ಮರಿ ಮಾಡಿಸುವ ಒಂದು ಮರಿಕೇಂದ್ರದ ಹದಿನಾಲ್ಕು ಗೂಡುಗಳಲ್ಲಿ ಲಾಗರ್‌ಗಳನ್ನಿಟ್ಟು, ನಡುವಿನ ಪಾಲಿನ ಸರಾಸರಿಯನ್ನು ತೆಗೆದು, ಹುಟ್ಟುತ್ತಿರುವ ಮರಿಗಳಲ್ಲಿ ಬಹುತೇಕ ಎಲ್ಲವೂ ಹೆಣ್ಣೇ ಎಂದು ವರದಿ ಬರೆದೆ. ಮರಿಕೇಂದ್ರದವರು ನನ್ನ ಮಾತನ್ನು ನಂಬಿ ಮುಂದಿನ ಋತುವಿನಲ್ಲಿ ಗೂಡುಗಳ ಮೇಲೆ ನೆರಳುಬಲೆ ಕಟ್ಟಿದರು, ಮರಳಿಗೆ ನೀರನ್ನೂ ಚಿಮುಕಿಸಿದರು.

ನನ್ನ ತಪ್ಪು ಎಲ್ಲಿತ್ತೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಅದು ಎಷ್ಟು ಸಣ್ಣದೆಂದು ತಿಳಿಯದೆ ಅದರ ಬೆಲೆ ಅರ್ಥವಾಗುವುದಿಲ್ಲ. ಹೂಳುವ ಮುನ್ನ ಎಲ್ಲ ಲಾಗರ್‌ಗಳನ್ನೂ ಒಂದೇ ನೀರಿನ ತೊಟ್ಟಿಯಲ್ಲಿ, ನಂಬಿಕಸ್ಥ ಉಷ್ಣಮಾಪಕವೊಂದರ ಪಕ್ಕದಲ್ಲಿ, ಕೆಲವು ಗಂಟೆ ಮುಳುಗಿಸಿಟ್ಟು ಯಾವುದು ಎಷ್ಟು ಹೆಚ್ಚು ಕಡಿಮೆ ತೋರಿಸುತ್ತದೆ ಎಂದು ನಾನು ನೋಡಲಿಲ್ಲ. ಅರ್ಧ ದಿನದ ಕೆಲಸ ಅದು. ಪೆಟ್ಟಿಗೆಯ ಮೇಲೆ ಅರ್ಧ ಡಿಗ್ರಿಯ ವ್ಯತ್ಯಾಸವಿರಬಹುದೆಂದು ಅಚ್ಚಾಗಿತ್ತು. ಅರ್ಧ ಡಿಗ್ರಿ ಎಷ್ಟರ ಮಹಾ ಎಂದುಕೊಂಡೆ. ಆದರೆ ಗಂಡಿನಿಂದ ಹೆಣ್ಣಿಗೆ ಹೊರಳುವ ತಾಪಮಾನದ ವ್ಯಾಪ್ತಿ ಬಹಳ ಕಿರಿದು, ಒಂದೆರಡು ಡಿಗ್ರಿಗಳ ಅಂತರದಲ್ಲಿ ಇಡೀ ಅನುಪಾತವೇ ತಲೆಕೆಳಗಾಗುತ್ತದೆ. ಅಲ್ಲಿ ಅರ್ಧ ಡಿಗ್ರಿಯೆಂದರೆ ಫಲಿತಾಂಶದ ಅಂಚಿನಲ್ಲಿರುವ ಸಣ್ಣ ಗೀಚಲ್ಲ, ಅದೇ ಫಲಿತಾಂಶ. ಎರಡನೆಯ ಋತು ಮುಗಿದ ಮೇಲೆ ಸಹೋದ್ಯೋಗಿಯೊಬ್ಬರು ಸಹಜವಾಗಿ ಕೇಳಿದ ಪ್ರಶ್ನೆಯಿಂದ ಎದೆ ಧಸಕ್ಕೆಂದು, ಉಳಿದಿದ್ದ ಒಂಬತ್ತು ಲಾಗರ್‌ಗಳನ್ನು ತೊಟ್ಟಿಗೆ ಹಾಕಿದೆ. ಒಂದೇ ನೀರಿನಲ್ಲಿ ಅವುಗಳ ನಡುವೆ 0.9 ಡಿಗ್ರಿ ಅಂತರವಿತ್ತು, ಹೆಚ್ಚಿನವು ಬಿಸಿಯ ಕಡೆಗೇ ವಾಲಿದ್ದವು. ಆಗಲೂ ಲೆಕ್ಕವನ್ನು ತಿದ್ದಬಹುದಿತ್ತು, ಯಾವ ಲಾಗರ್ ಯಾವ ಗೂಡಿನಲ್ಲಿತ್ತೆಂದು ಗೊತ್ತಿದ್ದಿದ್ದರೆ. ನಾನು ಕಡತಗಳಿಗೆ ಗೂಡಿನ ಸಂಖ್ಯೆಯನ್ನಷ್ಟೇ ಹೆಸರಾಗಿಟ್ಟು, ಉಪಕರಣದ ಕ್ರಮಸಂಖ್ಯೆಯನ್ನು ಎಲ್ಲಿಯೂ ಬರೆದಿಡದೆ, ಮರುಬಳಕೆಗೆಂದು ಲಾಗರ್‌ಗಳ ಸ್ಮೃತಿಯನ್ನೂ ಅಳಿಸಿಬಿಟ್ಟಿದ್ದೆ.

ಪರಿಶೀಲಿಸುವ ಬೇರೆ ದಾರಿಯೂ ಉಳಿದಿರಲಿಲ್ಲ. ಮರಿಯ ಲಿಂಗ ಹೊರನೋಟಕ್ಕೆ ತಿಳಿಯುವುದಿಲ್ಲ; ಗೂಡಿನಲ್ಲೇ ಸತ್ತ ಮರಿಗಳ ಜನನಗ್ರಂಥಿಗಳನ್ನು ಸೂಕ್ಷ್ಮದರ್ಶಕದಡಿ ನೋಡಬೇಕಿತ್ತು, ನಾನು ಅವುಗಳನ್ನು ಸಂಗ್ರಹಿಸಿರಲೇ ಇಲ್ಲ. ನೆರಳಿನಡಿ ಹುಟ್ಟಿದ ಮರಿಗಳೆಲ್ಲ ಸಮುದ್ರ ಸೇರಿಯಾಗಿತ್ತು. ಮೊದಲು ಸಮತೋಲದಲ್ಲಿದ್ದಿರಬಹುದಾದ ಗೂಡುಗಳನ್ನು ನಾನು ಗಂಡುಗಳ ಕಡೆಗೆ ದೂಡಿದೆನೋ ಏನೋ, ಇಂದಿಗೂ ಹೇಳಲಾರೆ. ಹೆಣ್ಣುಗಳು ಹೆಚ್ಚಿದ್ದರೂ ಅಷ್ಟು ಗಾಬರಿಯಾಗಬೇಕಿರಲಿಲ್ಲ ಎಂಬುದನ್ನು ಆಮೇಲೆ ಕಲಿತೆ: ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡಬಲ್ಲದು, ಮೇಲಾಗಿ ಹೆಣ್ಣು ಸಾಮಾನ್ಯವಾಗಿ ಪ್ರತಿ ವರ್ಷ ಮೊಟ್ಟೆಯಿಡುವುದಿಲ್ಲ. ಪ್ರಬಂಧದ ಎರಡು ಅಧ್ಯಾಯಗಳನ್ನು ಹಿಂತೆಗೆದುಕೊಂಡೆ. ಮರಿಕೇಂದ್ರದವರ ಮುಂದೆ ಕುಳಿತು ಅದನ್ನು ಒಪ್ಪಿಕೊಂಡ ಸಂಜೆಯ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವ ಉಪಕರಣವೆಂದು ಕೇಳುವ ಮೊದಲು, ನೀವು ತರುವ ಸಂಖ್ಯೆಯಿಂದ ಯಾರ ಯಾವ ನಿರ್ಧಾರ ಬದಲಾಗುತ್ತದೆ, ಆ ಸಂಖ್ಯೆ ತಪ್ಪಾದರೆ ಏನಾಗುತ್ತದೆ ಎಂದು ಒಂದು ಪುಟ ಬರೆಯಿರಿ. ನನ್ನ ದೃಷ್ಟಿಯಲ್ಲಿ ಕಡಲಾಮೆಗಳಿಗೆ ಅತ್ಯಂತ ಹೆಚ್ಚು ನೆರವಾದ ಸಂಶೋಧನೆಗಳಲ್ಲೊಂದಕ್ಕೆ ಹೊಸ ಉಪಕರಣವೇ ಬೇಕಾಗಿರಲಿಲ್ಲ. 1987ರಲ್ಲಿ ಡೆಬೊರಾ ಕ್ರೌಸ್, ಲ್ಯಾರಿ ಕ್ರೌಡರ್ ಮತ್ತು ಹಾಲ್ ಕ್ಯಾಸ್ವೆಲ್ ಅವರು ಲಾಗರ್‌ಹೆಡ್ ಎಂಬ ಜಾತಿಯ ಕಡಲಾಮೆಗಳ ಬಗ್ಗೆ ಅದಾಗಲೇ ಲಭ್ಯವಿದ್ದ ಮಾಹಿತಿಯಿಂದ, ಮೊಟ್ಟೆಯಿಂದ ಪ್ರೌಢಾವಸ್ಥೆಯವರೆಗೆ ಹಂತಹಂತವಾಗಿ ಲೆಕ್ಕ ಕಟ್ಟಿ, ತೀರದ ಮೊಟ್ಟೆಗಳನ್ನೆಲ್ಲ ಉಳಿಸಿದರೂ ಇಳಿಕೆ ನಿಲ್ಲದೆಂದೂ, ಬೆಳೆಯುತ್ತಿರುವ ದೊಡ್ಡ ಆಮೆಗಳು ಬದುಕುಳಿಯುವುದೇ ನಿರ್ಣಾಯಕವೆಂದೂ ತೋರಿಸಿದರು. ಸಿಗಡಿ ಬಲೆಗಳಿಗೆ ಸಿಕ್ಕಿದ ಆಮೆ ಹೊರಬರಲು ದಾರಿಬಿಡುವ ಸಾಧನವನ್ನು ಅಮೆರಿಕದಲ್ಲಿ ಕಡ್ಡಾಯಗೊಳಿಸುವ ವಾದಕ್ಕೆ ಆ ಲೆಕ್ಕ ಬಲವಾದ ಆಧಾರವಾಯಿತು.

ಜೆನೆಟಿಕ್ಸ್ ಬೇಡವೆಂದು ನಾನು ಹೇಳುತ್ತಿಲ್ಲ. ಆಸ್ಟ್ರೇಲಿಯದ ಹವಳದ ದಿಬ್ಬಗಳ ಸಾಲಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರದ ತೀರಗಳಿಂದ ಬಂದ ಎಳೆಯ ಹಸಿರು ಆಮೆಗಳಲ್ಲಿ ಶೇಕಡಾ 99ಕ್ಕೂ ಹೆಚ್ಚು ಹೆಣ್ಣುಗಳೆಂದು 2018ರಲ್ಲಿ ಪ್ರಕಟವಾದ ಅಧ್ಯಯನವು, ಮೇಯುವ ತಾಣದಲ್ಲಿ ಹಿಡಿದ ಆಮೆ ಯಾವ ತೀರದಲ್ಲಿ ಹುಟ್ಟಿತೆಂದು ಜೆನೆಟಿಕ್ಸ್‌ನಿಂದಲೂ, ಅದರ ಲಿಂಗವನ್ನು ಹಾರ್ಮೋನುಗಳಿಂದಲೂ ಗುರುತಿಸಿತು. ಪ್ರಶ್ನೆ ಮೊದಲು ಬಂದಿತ್ತು, ಉಪಕರಣಗಳು ಅದರ ಹಿಂದೆ ಬಂದವು.

ನಿಮ್ಮ ಐದು ಟ್ಯಾಗ್‌ಗಳು ಐದು ಆಮೆಗಳ ಕಥೆಯನ್ನಷ್ಟೇ ಹೇಳುತ್ತವೆ, ಅವು ಎಲ್ಲಿಗೆ ಹೋದವೆಂಬ ಸುಂದರ ನಕ್ಷೆ ಕೈಗೆ ಬರುತ್ತದೆ. ಅದೇ ಟ್ಯಾಗ್‌ಗಳನ್ನು ಋತುವಿನ ಆರಂಭದಲ್ಲೇ ಕಟ್ಟಿದರೆ ಒಂದು ಹೆಣ್ಣು ಒಂದೇ ಋತುವಿನಲ್ಲಿ ಎಷ್ಟು ಬಾರಿ ಮೊಟ್ಟೆಯಿಡುತ್ತದೆಂದು ತಿಳಿಯಬಹುದು. ಅದು ತಿಳಿಯದೆ ಗೂಡುಗಳ ಎಣಿಕೆಯನ್ನು ಹೆಣ್ಣಾಮೆಗಳ ಎಣಿಕೆಯಾಗಿ ಬದಲಿಸಲಾಗದು. ನಿಮ್ಮ ತೀರದಲ್ಲಿ ಆ ಸಂಖ್ಯೆ ಇಲ್ಲದಿದ್ದರೆ ಟ್ಯಾಗ್ ಕೊಳ್ಳಿರಿ. ಕೊಂಡರೆ, ಆಮೆಗಳಿಗೆ ಅಂಟಿಸುವ ಮುನ್ನ ಐದನ್ನೂ ಬಯಲಿನಲ್ಲಿ, ಜಾಗ ಖಚಿತವಾಗಿ ಗೊತ್ತಿರುವ ಕಡೆ, ಒಂದು ವಾರ ಸುಮ್ಮನೆ ಬಿಟ್ಟು ಅವು ಎಷ್ಟು ದೂರ ತಪ್ಪಿ ತೋರಿಸುತ್ತವೆಂದು ಅಳೆದು, ಪ್ರತಿಯೊಂದರ ಕ್ರಮಸಂಖ್ಯೆಯ ಜೊತೆಗೆ ಬರೆದಿಡಿ.