ಮಗಳ ಊರಿನ ನೆಲದಡಿಯ ಗ್ಯಾಸ್

ಪ್ರಶ್ನೆ: ಮಗಳು ಅಮೆರಿಕದ ಇಲಿನಾಯ್ ರಾಜ್ಯದ ಶಾಂಪೇನ್‌ನಲ್ಲಿದ್ದಾಳೆ. ಹತ್ತಿರದ ಡಿಕೇಟರ್‌ನಲ್ಲಿ ಕಾರ್ಖಾನೆಯ ಕಾರ್ಬನ್ ಡೈಆಕ್ಸೈಡನ್ನು ನೆಲದೊಳಗೆ ತುಂಬುತ್ತಾರಂತೆ, ಒಮ್ಮೆ ಸೋರಿತ್ತಂತೆ. ಕುಡಿಯೋ ನೀರಿಗೆ ತೊಂದರೆ ಇಲ್ವಾ? ಕಾಯೋರು ಯಾರು?
– ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ಅಮ್ಮಾ, ಮೂವತ್ತು ವರ್ಷ ಬೋರ್‌ವೆಲ್ ಪಾಯಿಂಟ್ ನೋಡಿದವನು ನಾನು. ನಮ್ಮ ಬೀದಿಯ ಒಂದು ಬೋರ್‌ವೆಲ್ಲಿನಲ್ಲಿ ಮೋರಿ ವಾಸನೆ ಬಂತು. ಕ್ಯಾಮೆರಾ ಇಳಿಸಿದೆವು. ಗಟ್ಟಿ ಕಲ್ಲು ಸಿಗುವ ಮೊದಲೇ ಕೇಸಿಂಗ್ ಪೈಪ್ ನಿಂತಿತ್ತು. ಅದರ ತುದಿಯಿಂದ ಕಂದು ನೀರು ಗೋಡೆಗುಂಟ ತೊಟ್ಟಿಕ್ಕುತ್ತಿತ್ತು. ಕೊರೆದವರು ಉಳಿಸಿದ್ದು ನಾಲ್ಕು ಪೈಪು, ಅಷ್ಟೆ.

ಡಿಕೇಟರ್‌ನಲ್ಲೂ ಕೆಟ್ಟಿದ್ದು ಬಾವಿಯ ಉಕ್ಕೇ. ಗ್ಯಾಸ್ ಗಾಳಿಗೆ ಸೇರಿ ಭೂಮಿಯನ್ನು ಬಿಸಿ ಮಾಡದಿರಲೆಂದು ಅದನ್ನು ತುಂಬುವುದು ಸುಮಾರು 7,000 ಅಡಿ ಆಳದ ಮರಳುಗಲ್ಲಿಗೆ. ಮೇಲೆ ಜೇಡಿಗಲ್ಲಿನ ಮುಚ್ಚಳ. ಆ ಮುಚ್ಚಳ ಬಿರಿಯಲಿಲ್ಲ. ನಿಗಾ ಇಡಲೆಂದೇ ಕೊರೆದ ಬಾವಿಯ ಪೈಪಿಗೆ ತುಕ್ಕು ಹಿಡಿದು, ಸುಮಾರು 5,000 ಅಡಿಯಲ್ಲಿ ಸೋರಿತು. ಗೊತ್ತಾಗಿದ್ದು 2024ರಲ್ಲಿ. ಕುಡಿಯುವ ನೀರಿನ ಪದರ ಅದಕ್ಕಿಂತ ಎಷ್ಟೋ ಮೇಲಿದೆ, ಅಲ್ಲಿಗೆ ಮುಟ್ಟಲಿಲ್ಲ.

ಕಾಯುವ ಕೆಲಸ ಅಲ್ಲಿ ಕೇಂದ್ರದ ಪರಿಸರ ಸಂಸ್ಥೆಯದು. ಕುಡಿಯುವ ನೀರಿನ ಕಾಯ್ದೆಯಡಿ 2010ರಲ್ಲಿ ಇಂಥ ಬಾವಿಗಳಿಗೆಂದೇ ಆರನೇ ವರ್ಗದ ನಿಯಮ ಬಂತು. ತುಂಬುವುದು ನಿಂತ ಮೇಲೂ ಸಾಮಾನ್ಯವಾಗಿ 50 ವರ್ಷ ನಿಗಾ ಇಡಬೇಕು, ಅದರ ಹಣವನ್ನು ಕಂಪನಿ ಮೊದಲೇ ತೋರಿಸಬೇಕು. ರಾಜ್ಯಗಳು ಕೇಳಿ ಈ ಅಧಿಕಾರ ಪಡೆಯಬಹುದು. 2018ರಲ್ಲಿ ನಾರ್ತ್ ಡಕೋಟಾ ಮೊದಲು ಪಡೆಯಿತು. ಆದರೆ ಅಲ್ಲಿ ತುಂಬುವುದು ನಿಂತ 10 ವರ್ಷಕ್ಕೇ ಕಂಪನಿ ಹೊಣೆಯನ್ನು ಸರ್ಕಾರಕ್ಕೆ ದಾಟಿಸಬಹುದು. ಇದು ನನಗೆ ಒಪ್ಪಿಗೆಯಿಲ್ಲ. ತುಕ್ಕು ಹತ್ತು ವರ್ಷಕ್ಕೆ ನಿಲ್ಲುತ್ತಾ? ಆಮೇಲೆ ಸೋರಿದರೆ ದುಡ್ಡು ಕೊಡುವುದು ಆ ಊರಿನ ಜನ, ಅಲ್ವಾ?

ಇಲಿನಾಯ್ ಆ ಅಧಿಕಾರ ಪಡೆದಿಲ್ಲ, ಆದರೂ ಕೈಕಟ್ಟಿ ಕೂರಲಿಲ್ಲ. ಶಾಂಪೇನ್‌ಗೆ ನೀರು ಬರುವುದು ಮಹೋಮೆಟ್ ಎಂಬ ಅಂತರ್ಜಲದಿಂದ. ಅದನ್ನು ಹಾದು ಗ್ಯಾಸ್ ತುಂಬಬಾರದೆಂದು ರಾಜ್ಯ 2025ರಲ್ಲಿ ಕಾನೂನು ಮಾಡಿತು. ಅಲ್ಲಿನ ಜನ ವರ್ಷಗಟ್ಟಲೆ ಬೆನ್ನುಹತ್ತಿ ಮಾಡಿಸಿಕೊಂಡದ್ದು. ನನಗೆ ಜಾಸ್ತಿ ಧೈರ್ಯ ಕೊಡುವುದು ಇದೇ.

ನಮ್ಮ ಬೆಂಗಳೂರಿನ ಕೆಳಗೆ ಇಂಥದ್ದಕ್ಕೆ ಜಾಗವಿಲ್ಲ ಬಿಡಿ. ಲಾಲ್‌ಬಾಗ್ ಬಂಡೆ ನೋಡಿದ್ದೀರಲ್ಲ, ಅಂಥ ಕಲ್ಲಿನಲ್ಲಿ ಬಿರುಕು ಉಂಟು, ಮರಳುಗಲ್ಲಿನ ಹಾಗೆ ಗ್ಯಾಸ್ ಹಿಡಿದಿಡುವ ರಂಧ್ರ ಇಲ್ಲ.

ಮಗಳ ಮನೆಗೆ ಊರಿನ ನಲ್ಲಿಯೋ, ಸ್ವಂತ ಬಾವಿಯೋ ಕೇಳಿ. ಸ್ವಂತದ್ದಾದರೆ ವರ್ಷಕ್ಕೊಮ್ಮೆ ನೀರು ಪರೀಕ್ಷೆ ಮಾಡಿಸಲಿ. ಗ್ಯಾಸ್ ಸೇರಿದರೆ ನೀರು ಹುಳಿಯಾಗುತ್ತದೆ, ಪಿಎಚ್ ಇಳಿಯುತ್ತದೆ. ಮೊದಲ ವರದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಲಿ. ಹೋಲಿಸಿ ನೋಡಲು ಅದು ಬೇಕು.