ಆಪ್ತಸಲಹೆ ಪ್ರಕರಣ: ಕ್ಲಬ್ ಬಿಡಲು ಹೊರಟ ಹುಡುಗ ಮತ್ತು ಮನೆಯೊಳಗಿನ ಕಸ್ಸಾನೊ

ಉತ್ತರ ಇಟಲಿಯ ನಗರವೊಂದರಲ್ಲಿ ನೆಲೆಸಿರುವ ಕನ್ನಡ ಕುಟುಂಬದ ಪ್ರಕರಣವಿದು. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಹುಡುಗನೂ ಅವನ ತಂದೆತಾಯಿಯೂ ಒಪ್ಪಿಗೆ ಕೊಟ್ಟಿದ್ದಾರೆ. ಮಗನಿಗೆ 16 ವರ್ಷ. ಅಲ್ಲಿಯೇ ಹುಟ್ಟಿ ಬೆಳೆದ ಅವನು ಒಂದು ಫುಟ್‌ಬಾಲ್ ಕ್ಲಬ್‌ನ ಕಿರಿಯರ ತಂಡದಲ್ಲಿ, ಮುಂಚೂಣಿಯವರ ಹಿಂದೆ ನಿಂತು ಆಟ ಕಟ್ಟುವ ಸ್ಥಾನದಲ್ಲಿ ಆಡುತ್ತಾನೆ. ಮೊದಲು ನನ್ನನ್ನು ಸಂಪರ್ಕಿಸಿದವರು ತಾಯಿ. ಮಗ ಮಾತು ಬಿಟ್ಟಿದ್ದಾನೆ, ಊಟದ ಹೊತ್ತಿಗೂ ಕೋಣೆಯಿಂದ ಹೊರಗೆ ಬರುವುದಿಲ್ಲ, ಕ್ಲಬ್ ಬದಲಿಸದಿದ್ದರೆ ಆಟವನ್ನೇ ಬಿಡುತ್ತೇನೆ ಎನ್ನುತ್ತಿದ್ದಾನೆ ಎಂಬುದು ಅವರ ಅಳಲಾಗಿತ್ತು. ಭೇಟಿಗಳೆಲ್ಲ ವಿಡಿಯೊ ಕರೆಯಲ್ಲಿಯೇ ನಡೆದವು.

ನಡೆದದ್ದು ಇಷ್ಟು. ಪಂದ್ಯವೊಂದರ ಎರಡನೆಯ ಅವಧಿಯಲ್ಲಿ ತರಬೇತುದಾರರು ಅವನನ್ನು ಹೊರಗೆ ಕರೆದು ಬೇರೊಬ್ಬನನ್ನು ಕಳಿಸಿದರು. ಹುಡುಗ ಕೈಕುಲುಕದೆ ಬಂದು, ಕೊಟ್ಟ ಜಾಕೆಟ್ಟನ್ನು ನೆಲಕ್ಕೆ ಎಸೆದು, ತಂಡದವರೆಲ್ಲ ಕೇಳುವಂತೆ ಒಂದು ಮಾತು ಆಡಿದ. ಮುಂದಿನ ಪಂದ್ಯಗಳಿಗೆ ಪ್ರಕಟವಾದ ಪಟ್ಟಿಯಲ್ಲಿ ಅವನ ಹೆಸರು ಇರಲಿಲ್ಲ. ಅಭ್ಯಾಸಕ್ಕೆ ಬರಬೇಡ ಎಂದು ಯಾರೂ ಹೇಳಿರಲಿಲ್ಲ, ಆದರೆ ಅವನಾಗಿಯೇ ಹೋಗುವುದನ್ನು ನಿಲ್ಲಿಸಿದ್ದ. ಬಣ್ಣದ ಅಥವಾ ಮೂಲದ ಕಾರಣಕ್ಕೆ ಯಾರಾದರೂ ಹೀಯಾಳಿಸಿದ್ದಾರೆಯೇ ಎಂದು ಮೊದಲೇ ಬಿಡಿಸಿ ಕೇಳಿದೆ, ಏಕೆಂದರೆ ಹಾಗಿದ್ದಲ್ಲಿ ನನ್ನ ಸಲಹೆಯ ದಿಕ್ಕೇ ಬೇರೆಯಾಗುತ್ತಿತ್ತು. ಇಲ್ಲವೆಂದು ಅವನು ಸ್ಪಷ್ಟವಾಗಿ ಹೇಳಿದ. 'ಮಿಸ್ಟರ್‌ಗೆ ನನ್ನ ಆಟ ಇಷ್ಟ ಇಲ್ಲ, ಅಷ್ಟೇ' ಎಂದ. ಇಟಲಿಯಲ್ಲಿ ಆಟಗಾರರು ತರಬೇತುದಾರರನ್ನು ಹಾಗೆಯೇ ಕರೆಯುತ್ತಾರೆ.

ತಂದೆಯೊಡನೆ ಪ್ರತ್ಯೇಕವಾಗಿ ಮಾತನಾಡಿದಾಗ ಮೊದಲು ಬಂದ ಹೆಸರು ಅಂತೋನಿಯೊ ಕಸ್ಸಾನೊ. ಅಪ್ರತಿಮ ಪ್ರತಿಭೆಯಿದ್ದೂ ಅದಕ್ಕೆ ತಕ್ಕ ಎತ್ತರ ಏರದ ಆಟಗಾರರ ಮಾತು ಬಂದಾಗ ಇಟಲಿಯವರು ಮೊದಲು ನೆನೆಯುವ ಹೆಸರುಗಳಲ್ಲಿ ಅದೂ ಒಂದು. ತಂದೆ ಆ ಹೆಸರನ್ನು ಬೆತ್ತದಂತೆ ಬಳಸುತ್ತಿದ್ದರು. ಮಗ ತಡವಾಗಿ ಎದ್ದರೂ, ಪಿಜ್ಜಾ ತಿಂದರೂ, ಎದುರುತ್ತರ ಕೊಟ್ಟರೂ 'ನೀನು ಇನ್ನೊಬ್ಬ ಕಸ್ಸಾನೊ ಆಗ್ತೀಯ' ಎನ್ನುವುದು ಮನೆಯಲ್ಲಿ ರೂಢಿಯಾಗಿತ್ತು. ವಿಚಿತ್ರವೆಂದರೆ ಮಗನ ಫೋನಿನಲ್ಲಿಯೂ ಕಸ್ಸಾನೊನ ವಿಡಿಯೊಗಳೇ ತುಂಬಿದ್ದವು, ಅವನ ಪಾಲಿಗೆ ಆತ ಯಾರಿಗೂ ತಲೆಬಾಗದ ನಾಯಕ. ಅಪ್ಪ ಮಗ ಇಬ್ಬರೂ ಒಂದೇ ಮನುಷ್ಯನ ಬದುಕನ್ನು ಎರಡು ತುದಿಗಳಿಂದ ಹಿಡಿದು ಜಗ್ಗುತ್ತಿದ್ದರು, ಆದರೆ ಇಬ್ಬರಲ್ಲಿ ಒಬ್ಬರೂ ಆ ಬದುಕನ್ನು ಮೊದಲಿನಿಂದ ಕೊನೆಯವರೆಗೆ ನೋಡಿರಲಿಲ್ಲ. ಬದುಕಿರುವ ವ್ಯಕ್ತಿಯೊಬ್ಬನ ಮನಸ್ಸನ್ನು ದೂರದಿಂದ ಅಳೆಯುವುದು ನಮ್ಮ ವೃತ್ತಿಯ ಶಿಸ್ತಿಗೆ ಸಲ್ಲದ ಕೆಲಸ. ಆದರೂ ಎಲ್ಲರಿಗೂ ತಿಳಿದಿರುವ ಸಂಗತಿಗಳನ್ನು ವರ್ಷವಾರು ಜೋಡಿಸಿ ನೋಡುವುದರಲ್ಲಿ ತಪ್ಪಿಲ್ಲವೆನಿಸಿ, ಆ ಕೆಲಸವನ್ನು ಹುಡುಗನಿಗೇ ವಹಿಸಿದೆ. ಪ್ರತಿಯೊಂದು ಜಗಳದ ಎದುರಿಗೆ ಅದರ ಮುಂದಿನ ಆರು ತಿಂಗಳಲ್ಲಿ ಏನಾಯಿತೆಂದು ಬರೆದು ತರಬೇಕೆಂದು ಹೇಳಿದೆ.

ಅವನು ಬರೆದು ತಂದದ್ದು ಸೊಗಸಾಗಿತ್ತು. ಕಸ್ಸಾನೊ ಹುಟ್ಟಿದ್ದು 1982ರ ಜುಲೈ 12ರಂದು, ಅಂದರೆ ಇಟಲಿ ವಿಶ್ವಕಪ್ ಗೆದ್ದ ಮರುದಿನ, ದಕ್ಷಿಣದ ಬಾರಿ ನಗರದ ಹಳೆಯ ಬಡ ಕೇರಿಯಲ್ಲಿ. ತಂದೆ ಮನೆ ಬಿಟ್ಟು ಹೋದ ಮೇಲೆ ತಾಯಿಯೊಬ್ಬಳೇ ಕಷ್ಟದಲ್ಲಿ ಸಾಕಿದಳು. 1999ರ ಡಿಸೆಂಬರ್ 18ರಂದು, 17ನೆಯ ವಯಸ್ಸಿನಲ್ಲಿ, ಇಂಟರ್ ಮಿಲಾನ್ ವಿರುದ್ಧ 1-1ರಲ್ಲಿ ನಿಂತಿದ್ದ ಪಂದ್ಯದ ಕೊನೆಯ ನಿಮಿಷಗಳಲ್ಲಿ, ಬಹುದೂರದಿಂದ ಬಂದ ಚೆಂಡನ್ನು ಓಡುತ್ತಲೇ ಹಿಮ್ಮಡಿಯಿಂದ ಹಿಡಿದು, ತಲೆಯಿಂದ ಮುಂದಕ್ಕೆ ನೂಕಿಕೊಂಡು, ರಕ್ಷಣಾ ಆಟಗಾರರಿಬ್ಬರ ನಡುವೆ ನುಸುಳಿ ಗೋಲು ಹೊಡೆದ. ಆ ಇಬ್ಬರಲ್ಲಿ ಒಬ್ಬ 1998ರ ವಿಶ್ವಕಪ್ ಗೆದ್ದ ಫ್ರಾನ್ಸ್ ತಂಡದ ಲೊರಾಂ ಬ್ಲಾಂ. ಆ ಪಂದ್ಯ ಇಲ್ಲದಿದ್ದರೆ ತಾನು ಕಳ್ಳನೋ ಪುಂಡನೋ ಆಗುತ್ತಿದ್ದೆನೆಂದು ಕಸ್ಸಾನೊನೇ ಮುಂದೆ ಹೇಳಿಕೊಂಡಿದ್ದಾನೆ. ಎರಡು ವರ್ಷ ತುಂಬುವ ಮೊದಲೇ, 2001ರಲ್ಲಿ, ಆ ವರ್ಷ ಇಟಲಿಯ ಲೀಗ್ ಗೆದ್ದ ರೋಮಾ ಕ್ಲಬ್ ಸುಮಾರು 6,000 ಕೋಟಿ ಲೀರಾ ಕೊಟ್ಟು ಅವನನ್ನು ಕೊಂಡಿತು. ಯೂರೊ ಲೆಕ್ಕದಲ್ಲಿ ಅದು ಸುಮಾರು 3 ಕೋಟಿ.

ಈ ಭಾಗದಲ್ಲಿ ನಾನು ಹುಡುಗನನ್ನು ತಡೆದು, 17ರಲ್ಲಿ ಒಂದು ರಾತ್ರಿಯಲ್ಲಿ ಬದುಕು ಬದಲಾದ ಮನುಷ್ಯನಿಗೆ ಕಾಯುವುದನ್ನು ಯಾರು ಕಲಿಸಿರಬಹುದು ಎಂದು ಕೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ತನ್ನನ್ನೂ ಒಂಬತ್ತನೆಯ ವಯಸ್ಸಿನಿಂದ ಯಾವ ತಂಡದಿಂದಲೂ ಒಮ್ಮೆಯೂ ಕೈಬಿಟ್ಟಿರಲಿಲ್ಲ ಎಂದ. ಪ್ರಕರಣದ ಗಂಟು ಅಲ್ಲಿತ್ತು. ಮೈದಾನದಿಂದ ಹೊರಗೆ ಕರೆದದ್ದನ್ನು ಅವನು ಆ ದಿನದ ಆಟದ ಬಗೆಗಿನ ತೀರ್ಮಾನವೆಂದು ಕೇಳಿಸಿಕೊಳ್ಳದೆ, ತನ್ನ ಇಡೀ ಇರವಿನ ಮೇಲಿನ ತೀರ್ಪೆಂದು ಕೇಳಿಸಿಕೊಂಡಿದ್ದ.

ರೋಮಾದಲ್ಲಿ ತರಬೇತುದಾರ ಫಾಬಿಯೊ ಕಾಪೆಲ್ಲೊನೊಂದಿಗೆ ಕಸ್ಸಾನೊ ಪದೇಪದೇ ಜಗಳವಾಡಿದ, ಆದರೂ ಅದೇ ಕಾಪೆಲ್ಲೊನ ಕೈಕೆಳಗೆ 2003-04ರ ಲೀಗ್‌ನಲ್ಲಿ 14 ಗೋಲು ಹೊಡೆದ. 2004ರ ಯೂರೊ ಕಪ್‌ನಲ್ಲಿ ಬಲ್ಗೇರಿಯಾ ವಿರುದ್ಧ ಕೊನೆಯ ಕ್ಷಣದಲ್ಲಿ ಗೆಲುವಿನ ಗೋಲು ಅವನದೇ, ಆದರೆ ಅದೇ ಗುಂಪಿನ ಇನ್ನೊಂದು ಪಂದ್ಯ ಡ್ರಾ ಆದ್ದರಿಂದ ಇಟಲಿ ಹೊರಬಿತ್ತು, ಅವನು ಅತ್ತ. ಆ ವರ್ಷ ಕಾಪೆಲ್ಲೊ ಯುವೆಂಟಸ್‌ಗೆ ಹೋದ ಮೇಲೆ ರೋಮಾದಲ್ಲಿ ತರಬೇತುದಾರರು ಒಬ್ಬರ ಹಿಂದೊಬ್ಬರು ಬಂದುಹೋದರು, ಒಪ್ಪಂದದ ತಕರಾರು ಬೆಳೆಯಿತು. 2006ರ ಜನವರಿಯಲ್ಲಿ ರಿಯಲ್ ಮ್ಯಾಡ್ರಿಡ್ ಅವನನ್ನು ಕೊಂಡದ್ದು ಹಿಂದಿನ ಬೆಲೆಯ ಸಣ್ಣ ಪಾಲಿಗೆ. ಅಲ್ಲಿ ತೂಕ ಏರಿತು, ಕಾಪೆಲ್ಲೊ ತರಬೇತುದಾರನಾಗಿ ಮತ್ತೆ ಎದುರಾದ, ಮತ್ತೆ ಜಗಳವಾಯಿತು, ತಂಡದಿಂದ ಹೊರಗಿಡಲಾಯಿತು. ಇಟಲಿ 2006ರ ವಿಶ್ವಕಪ್ ಗೆದ್ದಾಗ ಅವನು ತಂಡದಲ್ಲಿರಲಿಲ್ಲ. ತಂದೆಯ ಉಪದೇಶ ಸಾಮಾನ್ಯವಾಗಿ ಮುಗಿಯುತ್ತಿದ್ದುದು ಈ ಮ್ಯಾಡ್ರಿಡ್ ಅಧ್ಯಾಯಕ್ಕೇ.

ಆದರೆ ನನಗೆ ಮುಖ್ಯವೆನಿಸಿದ್ದು ಆಮೇಲಿನ ಭಾಗ. 2007ರಲ್ಲಿ ಜೆನೋವಾದ ಸಂಪ್‌ಡೋರಿಯಾ ಕ್ಲಬ್‌ಗೆ ಬಂದ ಕಸ್ಸಾನೊ ಅಲ್ಲಿ ನೆಲೆ ಕಂಡುಕೊಂಡ. 2010ರ ಆರಂಭದಲ್ಲಿ ತರಬೇತುದಾರ ಲುಯಿಜಿ ಡೆಲ್‌ನೇರಿ ಅವನನ್ನು ಹಲವು ವಾರ ತಂಡದಿಂದ ಹೊರಗಿಟ್ಟಾಗ ಅವನು ಕ್ಲಬ್ ಬಿಡುವ ಮಾತು ಜೋರಾಗಿ ಕೇಳಿಬಂದರೂ, ಈ ಬಾರಿ ಅವನು ಹೋಗದೆ ಉಳಿದು, ಕಾದು, ಮತ್ತೆ ತಂಡಕ್ಕೆ ಮರಳಿದ. ಆ ಋತುವಿನಲ್ಲಿ ಸಂಪ್‌ಡೋರಿಯಾ ನಾಲ್ಕನೆಯ ಸ್ಥಾನ ಪಡೆದು ಚಾಂಪಿಯನ್ಸ್ ಲೀಗ್‌ನ ಅರ್ಹತಾ ಸುತ್ತು ತಲುಪಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಅದೇ ಕ್ಲಬ್‌ನಲ್ಲಿ, ಪ್ರಶಸ್ತಿ ಸಮಾರಂಭವೊಂದಕ್ಕೆ ಬರಲೊಲ್ಲೆನೆಂದು ಹೇಳಿ, ವಯೋವೃದ್ಧ ಅಧ್ಯಕ್ಷ ರಿಕಾರ್ಡೊ ಗರ್ರೋನೆಯವರನ್ನು ನಿಂದಿಸಿದ. ಸಂಬಂಧ ಮತ್ತೆ ಕೂಡಲಿಲ್ಲ. ಜನವರಿಯಲ್ಲಿ ಅವನು ಎ.ಸಿ. ಮಿಲಾನ್‌ಗೆ ಹೋಗಿ ಲೀಗ್ ಗೆದ್ದ ತಂಡದಲ್ಲಿದ್ದ. ಸಂಪ್‌ಡೋರಿಯಾ ಅದೇ ಋತುವಿನ ಕೊನೆಗೆ ಕೆಳಗಿನ ದರ್ಜೆಗೆ ಇಳಿಯಿತು.

'ಜಗಳ ಎರಡು ಸಲವೂ ಆಯ್ತು, ಆದ್ರೆ ಒಂದು ಸಲ ಮಾತ್ರ ವಾಪಸ್ ಬಂದ' ಎಂದು ಹುಡುಗನೇ ಹೇಳಿದ. ಅಶಿಸ್ತು ಎಂಬ ಒಂದೇ ಪದದಿಂದ ಈ ವೃತ್ತಿಜೀವನವನ್ನು ವಿವರಿಸುವವರಿಗೆ ಈ ಒಂದು ವರ್ಷ ತೊಡಕಾಗುತ್ತದೆ ಎಂದು ನನ್ನ ಅಭಿಪ್ರಾಯ. ಸಿಟ್ಟು ಬರುವ ಆಟಗಾರರು ಎಲ್ಲ ಕಾಲದಲ್ಲೂ ಇದ್ದಾರೆ. ಕಸ್ಸಾನೊನಿಗೆ ಮತ್ತೆಮತ್ತೆ ನಷ್ಟವಾದದ್ದು ಮುರಿದ ಸಂಬಂಧವನ್ನು ಅಲ್ಲಿಯೇ ನಿಂತು ಸರಿಪಡಿಸಿಕೊಳ್ಳುವ ಅವಕಾಶ. ಪ್ರತಿಭೆಯಿದ್ದುದರಿಂದ ಕೈಚಾಚುವ ಮತ್ತೊಂದು ಕ್ಲಬ್ ಯಾವಾಗಲೂ ಇರುತ್ತಿತ್ತು, ಹೀಗಾಗಿ ಸರಿಪಡಿಸಿಕೊಳ್ಳುವ ಅಗತ್ಯವೇ ಬೀಳುತ್ತಿರಲಿಲ್ಲ. ಹಾಗೆಂದು ಅವನ ಬದುಕು ವ್ಯರ್ಥವಾಯಿತೆಂಬ ತಂದೆಯ ಮಾತನ್ನೂ ನಾನು ಒಪ್ಪಲಿಲ್ಲ. 2011ರ ಅಕ್ಟೋಬರ್‌ನಲ್ಲಿ ಮಿದುಳಿಗೆ ರಕ್ತ ಪೂರೈಕೆ ತಡೆದು ಆಸ್ಪತ್ರೆ ಸೇರಿ, ಹೃದಯದ ಸಣ್ಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮನುಷ್ಯ, 2012ರ ಯೂರೊ ಕಪ್ ಸೆಮಿಫೈನಲ್‌ನಲ್ಲಿ ಜರ್ಮನಿಯ ವಿರುದ್ಧ ಮಾರಿಯೊ ಬಲೊಟೆಲ್ಲಿಯ ಮೊದಲ ಗೋಲಿಗೆ ಚೆಂಡು ಒದಗಿಸಿದ. ಇಟಲಿ ಪರ 39 ಪಂದ್ಯ, 10 ಗೋಲು. ಇದು ಎಷ್ಟೋ ಆಟಗಾರರಿಗೆ ಕನಸು, ಅವನಿಗೆ ಮಾತ್ರ ಕಡಿಮೆ. ಆಮೇಲಿನ ಇಂಟರ್, ಪಾರ್ಮಾ, ವೆರೋನಾಗಳ ಬಗ್ಗೆ ನಾವು ಹೆಚ್ಚು ಮಾತನಾಡಲಿಲ್ಲ.

ಹುಡುಗನಿಗೆ ಕೊಟ್ಟ ಸಲಹೆ ಹೀಗಿತ್ತು. ಕ್ಲಬ್ ಬದಲಿಸುವ ನಿರ್ಧಾರವನ್ನು ಬೇಡವೆನ್ನಲಿಲ್ಲ, ಋತು ಮುಗಿಯುವವರೆಗೆ ಮುಂದೂಡಲು ಕೇಳಿದೆ. ಹೋಗುವುದಾದರೆ ಸಂಬಂಧ ಸರಿಯಾದ ಮೇಲೆ ಹೋಗಲಿ, ಸಿಟ್ಟಿನ ಮೇಲೆ ಬೇಡ ಎಂದೆ. ಪಟ್ಟಿಯಲ್ಲಿ ಹೆಸರಿರಲಿ ಬಿಡಲಿ, ಅಭ್ಯಾಸಕ್ಕೆ ಮರುದಿನದಿಂದಲೇ ಹಾಜರಾಗಬೇಕು. ತರಬೇತುದಾರರನ್ನು ಒಬ್ಬರೇ ಇರುವಾಗ ಕಂಡು ಮೂರು ವಾಕ್ಯ ಹೇಳಬೇಕು: ನಾನು ಮಾಡಿದ್ದು ಇದು, ಅದು ತಪ್ಪು, ಮರಳಿ ಆಡಲು ನಾನು ಏನು ತೋರಿಸಬೇಕು. 'ಆದರೆ' ಎಂದು ಶುರುವಾಗುವ ನಾಲ್ಕನೆಯ ವಾಕ್ಯ ಬೇಡ. ಈ ಮಾತನ್ನು ನನ್ನೆದುರು ಇಟಾಲಿಯನ್‌ನಲ್ಲಿಯೇ ಅಭ್ಯಾಸ ಮಾಡಿಸಿದೆ, ಏಕೆಂದರೆ ಅವನು ಆಡಬೇಕಾದದ್ದು ಆ ಭಾಷೆಯಲ್ಲಿ. ಭಾಷೆ ನನಗೆ ಬಾರದಿದ್ದುದರಿಂದ ಅವನ ಮುಖ, ಭುಜ, ದನಿಯ ಏರಿಳಿತವನ್ನಷ್ಟೇ ಗಮನಿಸಿದೆ. ಎಲ್ಲಿ ದನಿ ಗಡುಸಾಗುತ್ತದೆಂದು ಅದರಿಂದಲೇ ಚೆನ್ನಾಗಿ ತಿಳಿಯಿತು. ಮುಂದೆ ಹೊರಗೆ ಕರೆದಾಗ ಜಾಕೆಟ್ ಹಾಕಿಕೊಂಡು, ನೀರು ಕುಡಿದು, ಹತ್ತು ನಿಮಿಷ ಯಾರೊಡನೆಯೂ ಮಾತನಾಡದೆ ಕೂರುವುದು, ಉಸಿರು ಹದಕ್ಕೆ ಬಂದ ಮೇಲೆ ಒಳಗೆ ಹೋದವನಿಗೆ ಒಂದು ಮಾತು ಕೂಗಿ ಹೇಳುವುದು, ಇಷ್ಟನ್ನು ರೂಢಿಸಿಕೊಳ್ಳಲು ಹೇಳಿದೆ.

ತಂದೆಗೆ ಹೇಳಿದ್ದು ಹೆಚ್ಚು ಕಠಿಣವಾಗಿತ್ತು. ಮಗನನ್ನು ಕಸ್ಸಾನೊನ ಹೆಸರಿನಿಂದ ಬೈಯುತ್ತಲೇ, ಅವರು ಪರಿಚಯದವರ ಮೂಲಕ ಬೇರೆ ಎರಡು ಕ್ಲಬ್‌ಗಳಲ್ಲಿ ಜಾಗ ವಿಚಾರಿಸುತ್ತಿದ್ದರು. ಬಾಯಲ್ಲಿ ಶಿಸ್ತಿನ ಪಾಠ, ಕೈಯಲ್ಲಿ ಓಡಿಹೋಗುವ ದಾರಿ. ಇದನ್ನು ತೋರಿಸಿಕೊಟ್ಟಾಗ ಅವರಿಗೆ ಬೇಸರವಾಯಿತು, ಆದರೂ ಆ ವಿಚಾರಣೆಯನ್ನು ನಿಲ್ಲಿಸಲು ಒಪ್ಪಿದರು. ಪಂದ್ಯ ಮುಗಿಸಿ ಕಾರಿನಲ್ಲಿ ಬರುವಾಗ ಆಟದ ವಿಮರ್ಶೆ ಮಾಡಬಾರದು, ಮಗನಾಗಿ ಕೇಳಿದರೆ ಮಾತ್ರ ಉತ್ತರಿಸಬೇಕು, 'ನಾವು ಹೊರಗಿನವರು, ಎರಡರಷ್ಟು ಚೆನ್ನಾಗಿ ಆಡಬೇಕು' ಎಂಬ ಮಾತನ್ನು ಕೆಲಕಾಲ ಬದಿಗಿಡಬೇಕು ಎಂದೂ ಕೇಳಿಕೊಂಡೆ. ಆ ಮಾತಿನಲ್ಲಿ ಸತ್ಯವಿರಬಹುದು. 16ರ ಹುಡುಗ ಅದನ್ನು ಪ್ರತಿ ಪಾಸ್‌ನ ಹಿಂದೆಯೂ ಹೊತ್ತು ಓಡಲಾರ. ಊಟಕ್ಕೆ ಕರೆಯುವಾಗ ಫುಟ್‌ಬಾಲ್‌ನ ಸುದ್ದಿ ಎತ್ತಬೇಡಿ ಎಂಬುದಷ್ಟೇ ತಾಯಿಗೆ ನನ್ನ ವಿನಂತಿಯಾಗಿತ್ತು.

ಹುಡುಗ ತರಬೇತುದಾರರನ್ನು ಕಂಡು ಮಾತನಾಡಿದ. ಅವರು ಹೆಚ್ಚೇನೂ ಹೇಳದೆ, ಚೆಂಡು ಕಳೆದುಕೊಂಡ ಮೇಲೆ ಹಿಂದೆ ಓಡುವುದನ್ನು ನೋಡಬೇಕು ಎಂದರಂತೆ. ಕೆಲವು ವಾರಗಳ ನಂತರ ಹೆಸರು ಪಟ್ಟಿಗೆ ಬಂತು, ಮೊದಲು ಬೆಂಚಿನಲ್ಲಿ, ಆಮೇಲೆ ಕೊನೆಯ ಕಾಲು ಗಂಟೆ ಮೈದಾನದಲ್ಲಿ. ತನಗೆ ನ್ಯಾಯ ಸಿಕ್ಕಿಲ್ಲವೆಂದು ಅವನಿಗೆ ಈಗಲೂ ಅನ್ನಿಸುತ್ತದೆ, ಆ ಭಾವನೆಯನ್ನು ಅಳಿಸಲು ನಾನು ಯತ್ನಿಸಿಲ್ಲ. ಮನೆಯಲ್ಲಿ ಊಟಕ್ಕೆ ಹೊರಗೆ ಬರುತ್ತಾನೆ. ಮಗ ವೃತ್ತಿಪರ ಆಟಗಾರನಾಗುತ್ತಾನೆಯೇ ಎಂದು ತಂದೆ ಕೊನೆಯ ಭೇಟಿಯಲ್ಲಿ ಕೇಳಿದರು. ಅದನ್ನು ಹೇಳಬಲ್ಲವರು ಕ್ಲಬ್‌ನವರು, ಅದೂ ಇನ್ನೆರಡು ವರ್ಷಗಳ ನಂತರ ಎಂದು ಉತ್ತರಿಸಿದೆ. ಅಲ್ಲಿಯವರೆಗೆ ಲಿಚೆಯೊ, ಅಂದರೆ ಪ್ರೌಢಶಾಲೆಯ ಓದನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು, ಏಜೆಂಟರ ಕಾಗದಗಳಿಗೆ ವಕೀಲರಿಗೆ ತೋರಿಸದೆ ಸಹಿ ಹಾಕಬಾರದು ಎಂದು ಸೇರಿಸಿದೆ. ಋತು ಮುಗಿದ ಮೇಲೆ, ಕ್ಲಬ್ ಬದಲಿಸುವ ಪ್ರಶ್ನೆಯನ್ನು ಮೂವರೂ ಒಟ್ಟಿಗೆ ಕುಳಿತು ಚರ್ಚಿಸಲು ಒಂದು ಭೇಟಿ ಗೊತ್ತುಮಾಡಿದ್ದೇವೆ.